ಲಾಗ ಹಾಕುವ ಹುಡುಗಿಯ ಅಪ್ಪ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಗೂಡಿಗೂ ಮುಚ್ಚಿಹೋದ ಬ್ಯಾಂಕಿಗೂ ನಡುವೆ, ಎರಡು ಕುರ್ಚಿಯ ಒಂದು ಕ್ಷೌರದಂಗಡಿ ಇತ್ತು. ಅಂಗಡಿಯವನನ್ನು ಗಿರಾಕಿಗಳು ಹಗುರಗೈ ಎಂದೇ ಕರೆಯುತ್ತಿದ್ದರು. ಗಂಟಲ ಮೇಲೆ ಕತ್ತಿ ಆಡುತ್ತಿದ್ದರೂ ನಿದ್ದೆ ಬರುವಷ್ಟು ಹಗುರ ಅವನ ಕೈ. ಎರಡು ಕುರ್ಚಿ ಎಂದರೂ ಕೆಲಸಕ್ಕೆ ಬರುತ್ತಿದ್ದದ್ದು ಒಂದೇ. ಇನ್ನೊಂದರ ಪಂಪು ಕೆಟ್ಟು ಬಹಳ ಕಾಲವಾಗಿತ್ತು; ಅದರಲ್ಲಿ ಕೂತವರು ಅರ್ಧ ತಲೆ ಮುಗಿಯುವಷ್ಟರಲ್ಲಿ ಮೆಲ್ಲಗೆ ಕೆಳಗಿಳಿದು ಕನ್ನಡಿಯಿಂದಲೇ ಮಾಯವಾಗುತ್ತಿದ್ದರು.

ಕೈ ಹಗುರವಾದರೂ ಕಾಲು ಹಗುರವಾಗಿರಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಕುರ್ಚಿಯ ಸುತ್ತ ನಿಂತು ಅವನ ಮೀನಖಂಡಗಳಲ್ಲಿ ನೀಲಿ ನರಗಳು ಹುರಿಹಗ್ಗದಂತೆ ಉಬ್ಬಿಕೊಂಡಿದ್ದವು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಬೆಂಚಿನ ಮೇಲೆ ಕೂತು ಕಾಲನ್ನು ಗೋಡೆಗೆ ಒರಗಿಸಿ ಎತ್ತಿಟ್ಟುಕೊಳ್ಳುತ್ತಿದ್ದ. ಅವನ ಹೆಂಡತಿಯದೂ ನಿಂತು ಬಗ್ಗುವ ಕೆಲಸವೇ. ವೃದ್ಧಾಶ್ರಮವೊಂದರಲ್ಲಿ ಆಯಾ ಆಗಿದ್ದಳು. ಹಾಸಿಗೆ ಹಿಡಿದವರನ್ನು ಮಗ್ಗುಲಿಗೆ ತಿರುಗಿಸುವುದು, ಎತ್ತಿ ಕೂರಿಸುವುದು, ಮೀಯಿಸುವುದು. ಬೆಳಿಗ್ಗೆ ಏಳಕ್ಕೆ ಹೋದರೆ ಮೂರಕ್ಕೆ ಬರುತ್ತಿದ್ದಳು. ಬಂದವಳೇ ಐದು ನಿಮಿಷ ಅಡುಗೆಮನೆಯ ನೆಲದ ಮೇಲೆ ಬೆನ್ನು ಚಾಚಿ ಮಲಗಿ ಆಮೇಲೆ ಒಲೆ ಹಚ್ಚುತ್ತಿದ್ದಳು.

ಹಗುರಗೈಗೆ ಮೂವತ್ತೊಂಬತ್ತಾಗಿದ್ದಾಗ ಮಗಳು ಹುಟ್ಟಿದಳು. ನಡೆಯಲು ಕಲಿತ ದಿನದಿಂದಲೇ ಅವಳ ಕಾಲು ನೆಲದ ಮೇಲೆ ನಿಂತದ್ದು ಕಡಿಮೆ. ಬಾಗಿಲ ಚೌಕಟ್ಟಿಗೆ ಎರಡೂ ಕಾಲು ಒತ್ತಿ ಸೂರಿನ ತನಕ ಏರುವಳು. ಕೆಟ್ಟ ಕುರ್ಚಿಯ ಎರಡು ಕೈಗಳ ಮೇಲೆ ಅಂಗೈ ಊರಿ ಕಾಲನ್ನು ಗಾಳಿಯಲ್ಲಿ ಚಾಚುವಳು. ಒಂದು ಬೆಂಚಿನಿಂದ ಇನ್ನೊಂದಕ್ಕೆ, ನಡುವೆ ಕೂತ ಗಿರಾಕಿಯ ತಲೆಯ ಮೇಲಿಂದ ನೆಗೆಯುವಳು. ದಿನಾ ಬೆಳಿಗ್ಗೆ ಪೇಪರ್ ಓದಲು ಬರುತ್ತಿದ್ದ ನಿವೃತ್ತ ಬಸ್ ಡ್ರೈವರ್ ತಾತ ಒಮ್ಮೆ ಹಾಗೆ ತಲೆ ತಗ್ಗಿಸಿ ಬಚಾವಾದವನು, "ಇದು ಮಗು ಅಲ್ಲಪ್ಪಾ, ಮಿಡತೆ," ಎಂದ. ಆ ಹೆಸರು ನಿಂತುಹೋಯಿತು.

ಪ್ರತಿ ಭಾನುವಾರ ತನ್ನ ಮುದಿ ತಂದೆಯನ್ನು ಗಡ್ಡ ತೆಗೆಸಲು ಕರೆದುಕೊಂಡು ಬರುತ್ತಿದ್ದ ಒಬ್ಬ ಹೆಂಗಸಿದ್ದಳು. ಗಿಡ್ಡ ಆಳು, ನೆಟ್ಟಗೆ ನಿಲ್ಲುವವಳು, ಎಡ ಮೊಣಕೈ ಮಾತ್ರ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಆಕೆ ಜಿಮ್ನಾಸ್ಟಿಕ್ಸ್ ಕಲಿಸುವವಳು. ಮಕ್ಕಳೂ ತಂದೆತಾಯಿಗಳೂ ಕೋಚಮ್ಮ ಎನ್ನುತ್ತಿದ್ದರು. ಒಂದು ಭಾನುವಾರ ಐದು ವರ್ಷದ ಮಿಡತೆ ಅಂಗಡಿಯ ಮುಂದೆ ಹಿಂದಕ್ಕೆ ಲಾಗ ಹಾಕಿ ನೆಟ್ಟಗೆ ನಿಂತದ್ದನ್ನು ನೋಡಿ ಆಕೆ ತಂದೆಯನ್ನು ಕುರ್ಚಿಯಲ್ಲೇ ಬಿಟ್ಟು ಬಾಗಿಲಿಗೆ ಬಂದಳು. "ಯಾರು ಕಲಿಸಿದ್ರು?" ಎಂದಳು.

"ಯಾರೂ ಇಲ್ಲಮ್ಮ. ಬೇಡ ಅಂತ ಕಲಿಸೋಕೆ ಹೋಗಿ ಸೋತಿದೀವಿ."

"ಸಿಮೆಂಟಿನ ಮೇಲೆ ಹಾಕೋ ಬದಲು ಮೆತ್ತೆ ಮೇಲೆ ಹಾಕ್ಲಿ. ನಾಳೆ ಸಂಜೆ ಕರ್ಕೊಂಡು ಬನ್ನಿ."

ಹಾಗೆ ಶುರುವಾಯಿತು. ಬಿದ್ದು ಏಟು ಮಾಡಿಕೊಳ್ಳದಿರಲಿ ಎಂದು ಸೇರಿಸಿದ್ದು ಎನ್ನುವುದನ್ನು ಹಗುರಗೈ ಮುಂದೆ ಎಷ್ಟೋ ಸಲ ನೆನೆದು ನಕ್ಕಿದ್ದುಂಟು, ಬಾಯಲ್ಲಷ್ಟೇ ನಗು.

ತರಬೇತಿಯ ಹಾಲ್ ಹಿಂದೆ ಗೋದಾಮಾಗಿದ್ದ ಕಟ್ಟಡ. ತಗಡಿನ ಚಾವಣಿ, ಕೈ ಜಾರದಂತೆ ಹಚ್ಚಿಕೊಳ್ಳುವ ಬಿಳಿ ಪುಡಿಯ ವಾಸನೆ, ಬೆವರಿದ ಕಾಲುಗಳ ವಾಸನೆ. ಮೇಲೆ ಕಬ್ಬಿಣದ ಮೆಟ್ಟಿಲು ಹತ್ತಿದರೆ ತಂದೆತಾಯಿಗಳಿಗೆ ಒಂದು ಉದ್ದನೆಯ ಬೆಂಚು. ಮೊದಲು ವಾರಕ್ಕೆ ಎರಡು ದಿನ, ಆಮೇಲೆ ಮೂರು, ಹತ್ತು ತುಂಬುವಷ್ಟರಲ್ಲಿ ಐದು ದಿನ, ದಿನಕ್ಕೆ ನಾಲ್ಕು ಗಂಟೆ. ನಾಲ್ಕೂವರೆಗೆ ಅಂಗಡಿಯ ಬಾಗಿಲು ಎಳೆದು, ಶಾಲೆಯಿಂದ ಬಂದವಳನ್ನು ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ ಬಾಳೆಹಣ್ಣು ತಿನ್ನಿಸಿ, ಹಾಲಿಗೆ ಬಿಟ್ಟು, ಬೆಂಚಿನ ಮೇಲೆ ಕೂತರೆ ಹಗುರಗೈಗೆ ಕಣ್ಣು ಎಳೆಯುತ್ತಿತ್ತು. ನೆಟ್ಟಗೆ ಕೂತೇ ನಿದ್ದೆ ಮಾಡುವುದನ್ನು ಅವನು ಅಲ್ಲೇ ಕಲಿತ. ಸ್ಪ್ರಿಂಗ್ ಹಲಗೆ ಸದ್ದು ಮಾಡಿದಾಗ ಎಚ್ಚರವಾಗುವುದು, ಮಗಳು ಮೆತ್ತೆಯ ಮೇಲೆ ಎದ್ದು ನಿಂತದ್ದು ಕಂಡರೆ ಮತ್ತೆ ಕಣ್ಣು ಮುಚ್ಚುವುದು.

ಭಾನುವಾರ ಮಾತ್ರ ಅವನು ಮಗಳಿಗೆ ತನ್ನ ಕಸುಬಿನ ಸೇವೆ ಮಾಡುತ್ತಿದ್ದ. ಬಾರು ಎನ್ನುವ ಅಡ್ಡಕಂಬಿಗೆ ಜೋತುಬಿದ್ದು ತಿರುಗುವ ಮಕ್ಕಳ ಅಂಗೈಯಲ್ಲಿ ಜಡ್ಡು ಕಟ್ಟುತ್ತದೆ. ಜಡ್ಡು ದಪ್ಪವಾದರೆ ಬಾರು ಅದನ್ನು ಹಿಡಿದು ಚರ್ಮವನ್ನೇ ಕಿತ್ತುಬಿಡುತ್ತದೆ. ಬಿಸಿನೀರಲ್ಲಿ ನೆನೆದ ಆ ಪುಟ್ಟ ಅಂಗೈಯನ್ನು ಮಡಿಲ ಮೇಲಿಟ್ಟುಕೊಂಡು ಅವನು ಕತ್ತಿಯಿಂದ ಜಡ್ಡನ್ನು ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ ಹೆರೆಯುತ್ತಿದ್ದ. ಮಿಡತೆ ಒಂದು ಮಾತೂ ಆಡದೆ ಕೈ ಕೊಟ್ಟು ಕೂತಿರುತ್ತಿದ್ದಳು. ಅವಳು ಅಲುಗದೆ ಕೂತಿರುತ್ತಿದ್ದ ಹೊತ್ತು ಅದೊಂದೇ.

ಅವಳಿಗೆ ಹನ್ನೊಂದು ನಡೆಯುತ್ತಿದ್ದಾಗ ಉದ್ದಜಡೆ ಬಿದ್ದಳು.

ಉದ್ದಜಡೆ ಎಂದರೆ ಹಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹದಿನಾಲ್ಕರ ಹುಡುಗಿ. ಚಿಕ್ಕ ಮಕ್ಕಳೆಲ್ಲ ಅವಳ ಹಾಗೇ ಜಡೆಯನ್ನು ಸುತ್ತಿ ಮುಡಿ ಕಟ್ಟಿಕೊಳ್ಳುತ್ತಿದ್ದರು. ಅಂದು ಬೀಮಿನ ಮೇಲಿಂದ, ಅಂದರೆ ಎದೆಯೆತ್ತರದ ಒಂದು ಅಂಗೈಯಗಲದ ತೊಲೆಯ ಮೇಲಿಂದ, ತಿರುಚಿಕೊಂಡು ಇಳಿಯುವಾಗ ಅವಳ ಕಾಲು ನೆಲ ಮುಟ್ಟಿತು, ಮೈ ಇನ್ನೂ ತಿರುಗುತ್ತಲೇ ಇತ್ತು. ಮಂಡಿಯಿಂದ ಬಂದ ಸದ್ದು ಮೇಲಿನ ಬೆಂಚಿಗೂ ಕೇಳಿಸಿತು. ಅವಳ ತಾಯಿ ಕೈಚೀಲ ಬಿಟ್ಟು ಕಬ್ಬಿಣದ ಮೆಟ್ಟಿಲಲ್ಲಿ ಧಡಧಡ ಇಳಿದಳು. ಉಳಿದ ತಂದೆತಾಯಿಗಳು ಎದ್ದು ನಿಂತು, ಬಿದ್ದವಳನ್ನು ಬಿಟ್ಟು ತಂತಮ್ಮ ಮಕ್ಕಳು ಎಲ್ಲಿದ್ದಾರೆಂದು ಕಣ್ಣಲ್ಲೇ ಹುಡುಕಿದರು. ಹಗುರಗೈಯೂ ಅದನ್ನೇ ಮಾಡಿದ. ಅದಕ್ಕೆ ಅವನಿಗೆ ನಾಚಿಕೆಯಾಯಿತು.

ಆಂಬುಲೆನ್ಸ್ ಹೋದ ಮೇಲೆ ಕೋಚಮ್ಮ ಮಕ್ಕಳನ್ನು ನೀರು ಕುಡಿಯಲು ಕಳಿಸಿ, ಆಮೇಲೆ ಬಾರಿನ ಹತ್ತಿರ ಸಾಲಾಗಿ ನಿಲ್ಲಿಸಿದಳು. ಮಿಡತೆ ಅಂಗೈಗೆ ಪುಡಿ ಹಚ್ಚಿಕೊಂಡು, ಉಫ್ ಎಂದು ಊದಿ, ತನ್ನ ಸರದಿ ಬಂದಾಗ ನೆಗೆದು ಬಾರು ಹಿಡಿದಳು.

ಬಸ್ಸಿನಲ್ಲಿ ಬರುವಾಗ ಹಗುರಗೈ ಕೇಳಿದ, "ಭಯ ಆಯ್ತಾ ಮಗಳೇ?"

"ಅಕ್ಕ ಕಾಲು ತಪ್ಪಿಟ್ಳು ಅಪ್ಪಾ. ನಾನು ಹಾಗಿಡಲ್ಲ."

ಮರುದಿನ ಸಂಜೆಯ ಮೊದಲು, ಮಗಳು ಶಾಲೆಯಿಂದ ಬರುವುದರೊಳಗೆ, ಗಂಡ ಹೆಂಡತಿ ಅಡುಗೆಮನೆಯಲ್ಲಿ ಮಾತಿಗೆ ಕೂತರು. ಹೆಂಡತಿ ನೆಲದ ಮೇಲೆ ಬೆನ್ನು ಚಾಚಿದ್ದವಳು ಸೂರು ನೋಡುತ್ತಲೇ, "ನಿಲ್ಲಿಸ್ಬಿಡೋಣ ಅಂತೀರಾ?" ಎಂದಳು.

"ನಾನೆಲ್ಲಿ ಹಾಗಂದೆ?"

"ಅಂದಿಲ್ಲ. ಮುಖ ಹಾಗಿತ್ತು."

"ನೀನೇನಂತೀ?"

"ನಾನೇನನ್ಲಿ. ಆರು ವರ್ಷ ಕರ್ಕೊಂಡು ಓಡಾಡಿದ್ದು ನೀವು."

"ಅಂದ್ರೆ ನಾನೇ ಹೇಳ್ಬೇಕು ಅಂತಾಯ್ತು."

"ಯಾರು ಹೇಳ್ತಾರೋ ಅವರ ಮುಖ ಅವಳು ಮತ್ತೆ ನೋಡಲ್ಲ. ನನ್ನಿಂದಾಗಲ್ಲ."

ಮಾತು ಅಲ್ಲಿಗೇ ನಿಂತಿತು. ಬೇಡ ಎನ್ನುವ ಮಾತನ್ನು ಇಬ್ಬರೂ ಬಿಸಿ ಪಾತ್ರೆಯಂತೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿದರು. ಕೊನೆಗೆ ಇಬ್ಬರೂ ಕೆಳಗಿಟ್ಟರು.

ಅಂಗಡಿಯಲ್ಲಿ ಮಾತ್ರ ಬುದ್ಧಿವಾದಕ್ಕೆ ಬರವಿರಲಿಲ್ಲ. ಹಗುರಗೈ ಕೇಳದೆಯೇ ಕುರ್ಚಿಗೆ ಬಂದವರೆಲ್ಲ ಹೇಳುತ್ತಿದ್ದರು. ಹೆಣ್ಣುಮಗುವಿನ ಬೆನ್ನು ಹುಷಾರು ಎಂದ ಒಬ್ಬ. ಮನೆಯಲ್ಲಿ ಕೂತು ಫೋನು ತಿಕ್ಕುವುದಕ್ಕಿಂತ ಮಂಡಿ ಒಡೆದುಕೊಳ್ಳುವುದು ವಾಸಿ ಎಂದ ಇನ್ನೊಬ್ಬ, ಅವನಿಗೆ ಮಕ್ಕಳಿರಲಿಲ್ಲ. ಡ್ರೈವರ್ ತಾತ, "ಮೂವತ್ತು ವರ್ಷ ಗಾಡಿ ಓಡಿಸ್ದೋನು ನಾನು. ಬ್ರೇಕು ಹಾಕ್ಬೇಕಾದ ಜಾಗದಲ್ಲಿ ಹಾಕ್ಬೇಕು, ಸುಮ್ಸುಮ್ನೆ ಹಾಕಿದ್ರೆ ಹಿಂದಿನೋನು ಬಂದು ಗುದ್ತಾನೆ," ಎಂದ. ಆ ಜಾಗ ಯಾವುದೆಂದು ಕೇಳಿದರೆ, "ಅದು ಸ್ಟೇರಿಂಗ್ ಹಿಡ್ದೋನಿಗೆ ಗೊತ್ತಾಗುತ್ತೆ," ಎಂದು ಪೇಪರ್ ಮಗುಚಿದ. ಸ್ಟೇರಿಂಗ್ ಯಾರ ಕೈಲಿದೆ ಎನ್ನುವುದೇ ಹಗುರಗೈಗೆ ಗೊತ್ತಿರಲಿಲ್ಲ.

ಆಯ್ಕೆ ಸ್ಪರ್ಧೆಗೆ ಎರಡು ತಿಂಗಳಿತ್ತು. ಅದರಲ್ಲಿ ಗೆದ್ದವರು ಮೇಲಿನ ತಂಡಕ್ಕೆ ಹೋಗುತ್ತಿದ್ದರು, ಉದ್ದಜಡೆ ಬಿದ್ದ ಮೇಲೆ ಕೋಚಮ್ಮನ ಕಣ್ಣೆಲ್ಲ ಮಿಡತೆಯ ಮೇಲೆ. ಆ ದಿನಗಳಲ್ಲೇ ಹಗುರಗೈ ಒಂದು ಬೆಳಿಗ್ಗೆ ಮಗಳು ಕಾಲುಚೀಲ ಹಾಕಿಕೊಳ್ಳುವುದನ್ನು ನೋಡಿದ. ಬಗ್ಗಿ ಹಣೆಯನ್ನು ಮಂಡಿಗೆ ಮುಟ್ಟಿಸುವ ಹುಡುಗಿ, ಮಂಚದ ಮೇಲೆ ಅಂಗಾತ ಮಲಗಿ, ಕಾಲನ್ನು ಎದೆಯತ್ತ ಎಳೆದುಕೊಂಡು ಹಾಕಿಕೊಳ್ಳುತ್ತಿದ್ದಳು. ಇನ್ನೊಂದು ದಿನ ಹಾಸಿಗೆಯಿಂದ ನೆಟ್ಟಗೆ ಏಳದೆ ಮಗ್ಗುಲಾಗಿ, ಕೈಯೂರಿ, ನಿಧಾನ ಎದ್ದಳು. ಬೆನ್ನು ನೋಯುತ್ತಿದೆ ಎಂದು ಅವನಿಗೆ ತಿಳಿಯಿತು. ಆದರೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಏನಾದರೂ ಮಾಡಬೇಕಾಗುತ್ತದೆ. ಸ್ಪರ್ಧೆ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದುಕೊಂಡ. ಹೀಗೆ ಅಂದುಕೊಂಡು ಐದು ವಾರ ದೂಡಿದ.

ಒಂದು ಶನಿವಾರ ಬೆಳಿಗ್ಗೆ ಮಿಡತೆ ಅಂಗಡಿಗೆ ಬುತ್ತಿ ಕೊಟ್ಟು ಹೊರಟಳು. ಡ್ರೈವರ್ ತಾತನ ಮುಖದ ತುಂಬ ಸಾಬೂನಿನ ನೊರೆ. ಕನ್ನಡಿಯಲ್ಲೇ ಅವಳನ್ನು ನೋಡಿದ ತಾತ, "ಮಗು ಯಾಕೋ ಸೊಂಟ ಹಿಡ್ಕೊಂಡು ನಡೀತಿದೆ?" ಎಂದ.

ಕತ್ತಿ ಕೆನ್ನೆಯ ಮೇಲೆ ನಿಂತಿತು. ದಿನಾ ಒಂದು ಗಳಿಗೆ ನೋಡುವ ಮನುಷ್ಯನಿಗೆ ಕಂಡದ್ದು ಅದು.

"ಎಷ್ಟು ದಿನದಿಂದ?" ಎಂದ ತಾತ.

"ಗೊತ್ತಿಲ್ಲ," ಎಂದ ಹಗುರಗೈ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು ಅದು.

ಆ ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಮನೆಗೆ ಬಂದ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ಅವಳ ಬೆನ್ನು ಸರಿ ಇಲ್ಲ," ಎಂದ.

ಹೆಂಡತಿ ಮಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು," ಎಂದಳು.

"ಎಷ್ಟು ದಿನದಿಂದ?"

"ನಿಮಗೆ ಎಷ್ಟು ದಿನದಿಂದ ಗೊತ್ತೋ ಅಷ್ಟೇ ದಿನದಿಂದ." ಆಮೇಲೆ ಮಂಚದ ತುದಿಗೆ ಕೂತಳು. "ದಿನಾ ಬೆಳಿಗ್ಗೆ ಮುಲಾಮು ಹಚ್ಚಿ ಕಳಿಸ್ತಿದೀನಿ. ಅಪ್ಪಂಗೆ ಹೇಳ್ಬೇಡ ಅಂತ ಕೈ ಹಿಡ್ಕೊಂಡ್ಲು. ನಾನು ಮುದುಕರ ಬೆನ್ನು ನೋಡಿ ನೋಡಿ ಕಣ್ಣು ಸವೆಸಿದೋಳು. ನಂಗೆ ಗೊತ್ತಾಗಲ್ವಾ? ಆದ್ರೂ ಹಚ್ಚಿ ಕಳಿಸ್ದೆ."

ಇಬ್ಬರೂ ಜಗಳವಾಡಬಹುದಿತ್ತು. ಜಗಳವಾಡಲು ಒಬ್ಬರಾದರೂ ತಪ್ಪಿಲ್ಲದವರು ಇರಬೇಕಲ್ಲ. ಹೆಂಡತಿ ಉಳಿದ ಬಟ್ಟೆಯನ್ನು ಅವನ ಕಡೆ ತಳ್ಳಿದಳು. ಅವನೂ ಕೂತು ಮಡಿಸಿದ.

ಮಗಳನ್ನು ಕೇಳಿದಾಗ ಅವಳು ಅತ್ತಳು. ನೋವಿಗಲ್ಲ. "ನಿಮಗೆ ಗೊತ್ತಾದ್ರೆ ಬೇಜಾರಾಗುತ್ತೆ ಅಂತ," ಎಂದಳು.

ಮೂಳೆ ಡಾಕ್ಟರ ಬಾಗಿಲಲ್ಲಿ ಮೂರು ಗಂಟೆ ಕಾದರು. ಸ್ಕ್ಯಾನಿನ ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಸೊಂಟದ ಹತ್ತಿರ ಬೆನ್ನುಮೂಳೆಯಲ್ಲಿ ಒಂದು ಕಡೆ ಕೂದಲೆಳೆಯಂಥ ಬಿರುಕು. ಬಿದ್ದು ಆದದ್ದಲ್ಲ, ಇನ್ನೂ ಹಸಿಯಾಗಿರುವ ಮೂಳೆಯನ್ನು ಹಿಂದಕ್ಕೆ ಬಾಗಿಸಿ ಬಾಗಿಸಿ ಬಂದದ್ದು. ಬೇಗ ಗೊತ್ತಾದರೆ ಕೂಡಿಕೊಳ್ಳುತ್ತದೆ, ಬಿಟ್ಟರೆ ಕೂಡಿಕೊಳ್ಳದೆಯೂ ಇರಬಹುದು. ಮೂರು ತಿಂಗಳು ಸೊಂಟಪಟ್ಟಿ, ಆಟ ಬಂದ್.

"ಆಮೇಲೆ ಆಡ್ಬಹುದಾ ಡಾಕ್ಟ್ರೇ?" ಹಗುರಗೈ ಕೇಳಿದ.

"ತುಂಬ ಮಕ್ಕಳು ವಾಪಸ್ ಹೋಗ್ತಾರೆ. ಕೆಲವರಿಗೆ ಮತ್ತೆ ಬರುತ್ತೆ. ಇವಳು ಯಾವ ಗುಂಪು ಅಂತ ಈ ಚಿತ್ರದಲ್ಲಿ ಬರೆದಿಲ್ಲ."

"ನಿಮ್ಮ ಮಗಳಾಗಿದ್ರೆ ಏನ್ ಮಾಡ್ತಿದ್ರಿ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನನ್ನ ಮಗಳು ಸೋಫಾದಿಂದ ಏಳಲ್ಲ. ಅವಳಿಗೂ ಬೆನ್ನುನೋವು."

ಆ ಮೂರು ತಿಂಗಳಲ್ಲಿ ಹಗುರಗೈಗೆ ಆರು ವರ್ಷದಿಂದ ಬೇಕು ಬೇಕೆಂದಿದ್ದ ಸಂಜೆಗಳು ಸಿಕ್ಕವು. ಏನು ಮಾಡುವುದೆಂದು ತಿಳಿಯಲಿಲ್ಲ. ಮಿಡತೆ ಗಟ್ಟಿ ಪ್ಲಾಸ್ಟಿಕ್ಕಿನ ಸೊಂಟಪಟ್ಟಿ ಬಿಗಿದುಕೊಂಡು ಅಂಗಡಿಯ ಬೆಂಚಿನ ಮೇಲೆ ಕೂತು ಗಿರಾಕಿಗಳ ಕೂದಲು ಬೀಳುವುದನ್ನು ನೋಡುತ್ತಿದ್ದಳು. ಆಯ್ಕೆಯ ದಿನ ಊಟ ಬಿಟ್ಟಳು. ಅಂಗೈಯ ಜಡ್ಡು ತಾನಾಗಿ ಉದುರಿ ಅಡಿಯಿಂದ ಎಳೆ ಚರ್ಮ ಬಂತು. ಅದನ್ನು ನೋಡಿ ಅವಳಿಗೆ ಇನ್ನೂ ದುಃಖವಾಯಿತು. ನಿಲ್ಲಿಸಿಬಿಟ್ಟರೆ ಇದೇ ಗತಿ ಎಂದು ಒಮ್ಮೆ, ನಿಲ್ಲಿಸದಿದ್ದರೆ ಇದಕ್ಕಿಂತ ಕಡೆ ಎಂದು ಒಮ್ಮೆ, ಹಗುರಗೈಯ ಮನಸ್ಸು ಕೆಟ್ಟ ಕುರ್ಚಿಯ ಹಾಗೆ ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತಿರಲಿಲ್ಲ.

ಸೊಂಟಪಟ್ಟಿ ಬಿಚ್ಚುವ ವಾರ ಅವನೊಬ್ಬನೇ ಹಾಲಿಗೆ ಹೋದ. ಇನ್ನು ಕಳಿಸುವುದಿಲ್ಲ ಎಂದು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಕೋಚಮ್ಮ ಮೆತ್ತೆಗಳನ್ನು ಗೋಡೆಗೆ ಒರಗಿಸುತ್ತಿದ್ದಳು. ಎಡಗೈ ಚಾಚಲಾರದೆ ಮೊಣಕೈಯಿಂದಲೇ ತಳ್ಳುತ್ತಿದ್ದಳು. ಜೋಡಿಸಿಕೊಂಡ ಮಾತು ಬಿಟ್ಟು ಅವನ ಬಾಯಿಂದ ಬೇರೆಯೇ ಬಂತು. "ಆ ಕೈ ಹೇಗಾಯ್ತಮ್ಮ?"

"ಬಾರಿಂದ ಬಿದ್ದೆ. ಹದಿಮೂರು ವರ್ಷಕ್ಕೆ. ಅದಕ್ಕಿಂತ ಮೊದಲೇ ನೋಯ್ತಿತ್ತು. ಆಗ ನೋವು ಅಂದ್ರೆ ಏಟು ಬೀಳ್ತಿತ್ತು, ಅದಕ್ಕೆ ಹೇಳ್ಲಿಲ್ಲ." ಆಕೆ ಮೆತ್ತೆಯ ಮೇಲೆ ಕೂತಳು. "ನಾನು ಯಾವತ್ತೂ ಒಂದು ಮಗೂಗೆ ಕೈ ಎತ್ತಿಲ್ಲ. ಆದ್ರೂ ಇವರೂ ಹೇಳಲ್ಲ. ನಿಮ್ಮ ಮಗಳೂ ಹೇಳ್ಲಿಲ್ಲ. ಯಾಕೆ ಅಂತ ಯೋಚನೆ ಮಾಡಿ ಮಾಡಿ ಸಾಕಾಗಿದೆ."

"ಗೊತ್ತಾಗಿದ್ರೆ ನಿಲ್ಲಿಸ್ತಿದ್ರಾ?"

"ನಿಲ್ಲಿಸ್ತಿದ್ದೆ," ಎಂದಳು ಕೋಚಮ್ಮ. ಮೆತ್ತೆಯ ಹೊಲಿಗೆಯನ್ನು ಉಗುರಿಂದ ಕೆರೆಯುತ್ತಾ, "ಆಯ್ಕೆ ಅಷ್ಟು ಹತ್ರ ಇತ್ತು. ಒಂದು ವಾರ ತಡವಾಗಿ ನಿಲ್ಲಿಸ್ತಿದ್ನೋ ಏನೋ," ಎಂದಳು.

ಹಗುರಗೈಗೆ ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳುವ ಆಸೆಯಿತ್ತು. ಒಂದು ವಾರ ಎಂದವಳ ಮುಂದೆ ಐದು ವಾರ ಸುಮ್ಮನಿದ್ದವನು ಏನು ಸಿಟ್ಟು ಮಾಡಿಯಾನು?

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಕೂತರು. ಹೆಂಡತಿ ಮಗಳಿಗೆ ಏನನ್ನೂ ಮುಚ್ಚಿಡದೆ ಹೇಳಿದಳು: ತನ್ನ ಆಶ್ರಮದಲ್ಲಿ ಬೆನ್ನು ಹೋದವರು ಹೇಗೆ ಏಳುತ್ತಾರೆ, ಹೇಗೆ ಕೂರುತ್ತಾರೆ, ಒಂದು ಲೋಟ ಬಿದ್ದರೆ ಎತ್ತಿಕೊಳ್ಳಲು ಯಾರನ್ನು ಕರೆಯುತ್ತಾರೆ. ಮಿಡತೆ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, "ಅವರೆಲ್ಲ ಜಿಮ್ನಾಸ್ಟಿಕ್ಸ್ ಮಾಡ್ತಿದ್ರಾ?" ಎಂದಳು.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಇಲ್ಲ ಕಣೇ. ಒಬ್ರು ಅಂಚೆ ಕಚೇರೀಲಿದ್ರು."

"ನಂಗೆ ಹೋಗ್ಬೇಕು ಅಮ್ಮಾ. ಹೋಗ್ದೆ ಇದ್ರೆ ನಾನು ಯಾರು ಅಂತಾನೇ ಗೊತ್ತಾಗಲ್ಲ."

ಕೊನೆಗೆ ಹೆಂಡತಿಯೇ ಒಂದು ಕರಾರು ಹಾಕಿದಳು. ಆಶ್ರಮದ ನರ್ಸುಗಳು ಮುದುಕರನ್ನು ಕೇಳುವ ಹಾಗೆ, ಪ್ರತಿ ಸಲ ಸಂಜೆ ಹಾಲಿಗೆ ಹೊರಡುವ ಮೊದಲು ನೋವಿಗೆ ಒಂದು ಅಂಕ ಹೇಳಬೇಕು. ಸೊನ್ನೆ ಎಂದರೆ ಇಲ್ಲ, ಹತ್ತು ಎಂದರೆ ತಡೆಯಲಾರದ್ದು. ನಾಲ್ಕು ದಾಟಿದರೆ ಅಂದು ಆಟವಿಲ್ಲ, ಯಾರೂ ಬೈಯುವುದಿಲ್ಲ, ಯಾಕೆಂದು ಕೇಳುವುದಿಲ್ಲ. ವಾರಕ್ಕೆ ಮೂರೇ ದಿನ. ಹಿಂದಕ್ಕೆ ಬಾಗುವುದು ಡಾಕ್ಟರು ಹೇಳುವ ತನಕ ಇಲ್ಲ. ಕೋಚಮ್ಮ ಎಲ್ಲದಕ್ಕೂ ಒಪ್ಪಿದಳು. ಇದು ಯೋಚಿಸಿ ಮಾಡಿದ ತೀರ್ಮಾನವೋ, ಯೋಚಿಸಿ ಸುಸ್ತಾಗಿ ಮಾಡಿದ್ದೋ ಎಂದು ಯಾರಾದರೂ ಕೇಳಿದ್ದರೆ ಹಗುರಗೈ ಎರಡನೆಯದೇ ಎನ್ನುತ್ತಿದ್ದ.

ಹಾಗೆ ಒಂದು ವರ್ಷ ಕಳೆಯಿತು. ಅಂಗಡಿಯ ಬಾಗಿಲಲ್ಲಿ ಚೀಲ ಹಿಡಿದು ನಿಂತ ಮಿಡತೆ, "ಸೊನ್ನೆ," ಎನ್ನುವಳು. ಕೆಲವು ದಿನ "ಒಂದು," ಚಳಿಯಿದ್ದರೆ "ಎರಡು." ಮೊದಮೊದಲು ಹಗುರಗೈ ಅವಳ ಮುಖ, ನಡೆ, ಚೀಲ ಎತ್ತುವ ರೀತಿಯನ್ನೆಲ್ಲ ನೋಡಿ ಅಂಕವನ್ನು ತಾಳೆ ಹಾಕುತ್ತಿದ್ದ. ಆಮೇಲಾಮೇಲೆ ನಂಬಿದ. ಎರಡು ಸಲ ನಾಲ್ಕು ದಾಟಿತ್ತು. ಎರಡು ಸಲವೂ ಮನೆಗೆ ಹೋಗಿ ಮಲಗಿದಳು. ಬಿರುಕು ಕೂಡಿತ್ತು. ಡಾಕ್ಟರು ಬಾಗಲು ಬಿಟ್ಟರು. ಕಳೆದುಕೊಂಡ ವರಸೆಗಳು ಒಂದೊಂದಾಗಿ ವಾಪಸ್ಸು ಬಂದವು. ಮತ್ತೆ ಆಯ್ಕೆ ಸ್ಪರ್ಧೆ ಬಂತು. ಈ ಸಲ ಮಿಡತೆ ಖಂಡಿತ ತಂಡಕ್ಕೆ ಹೋಗುತ್ತಾಳೆ ಎಂದು ಕೋಚಮ್ಮ ತಾನಾಗಿ ಹೇಳಿದಳು. ಅಂಥ ಮಾತು ಆಕೆಯ ಬಾಯಲ್ಲಿ ಸುಲಭಕ್ಕೆ ಬರುತ್ತಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ. ಹಗುರಗೈ ಒಬ್ಬ ಹೊಸ ಗಿರಾಕಿಯ ಕೂದಲು ಕತ್ತರಿಸುತ್ತಿದ್ದ. ಮಿಡತೆ ಬಾಗಿಲಿಗೆ ಬಂದು ನಿಂತಳು. ಕನ್ನಡಿಯಲ್ಲಿ ಕಂಡ ಮುಖಕ್ಕೆ ಅವನು, "ಎಷ್ಟಮ್ಮಾ?" ಎಂದ.

"ಐದು."

ಕತ್ತರಿ ಗಾಳಿಯಲ್ಲಿ ಎರಡು ಸಲ ಸುಮ್ಮನೆ ಕಚಕಚ ಎಂದಿತು. ನಾಳೆ, ಎನ್ನಿಸಿತು ಅವನಿಗೆ. ಏಳು ವರ್ಷ. ಬಸ್ಸು, ಬೆಂಚು, ಮೂರು ತಿಂಗಳ ಸೊಂಟಪಟ್ಟಿ, ಒಂದು ವರ್ಷದ ಸೊನ್ನೆ ಒಂದು ಎರಡು. ಇನ್ನೊಂದೇ ದಿನ.

"ಸರಿಯಾಗಿ ನೋಡ್ಕೋ ಕಂದಾ," ಎಂದ. "ಮೂರಿರಬಹುದಾ?"

ಮಿಡತೆ ಕನ್ನಡಿಯೊಳಗಿನ ಅಪ್ಪನ ಮುಖವನ್ನು ನೋಡಿದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ದಿನಸಿ ಅಂಗಡಿಗೆ ಕಳಿಸಿದಾಗ ಏನು ತರಬೇಕೆಂದು ಕೇಳುವ ದನಿ. "ಮೂರು ಬೇಕಾ ಅಪ್ಪಾ?"

ಹಗುರಗೈ ಕತ್ತರಿ ಕೆಳಗಿಟ್ಟ. ಕುರ್ಚಿಯಲ್ಲಿದ್ದ ಗಿರಾಕಿ ಏನೂ ಅರ್ಥವಾಗದೆ ಒಮ್ಮೆ ಮಗಳನ್ನೂ ಒಮ್ಮೆ ಅಪ್ಪನನ್ನೂ ನೋಡಿದ. "ಬೇಡ," ಎಂದ ಹಗುರಗೈ. "ಐದೇ ಇರ್ಲಿ. ಮನೆಗೆ ಹೋಗಿ ಮಲಗು, ನಾನು ಫೋನ್ ಮಾಡ್ತೀನಿ."

ಫೋನಿನಲ್ಲಿ ಕೋಚಮ್ಮ ಅಂಕ ಎಷ್ಟೆಂದು ಎರಡು ಸಲ ಕೇಳಿದಳು. ಆಮೇಲೆ, "ಸರಿ," ಎಂದಳು. "ಹೆಸರು ತೆಗೆಸ್ತೀನಿ."

ಮಿಡತೆ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಡಾಕ್ಟರ ಹತ್ತಿರ ಹೋದರು. ಚಿತ್ರದಲ್ಲಿ ಹೊಸ ಬಿರುಕು ಇರಲಿಲ್ಲ. ಹಳೆಯದೂ ಗಟ್ಟಿಯಾಗಿ ಕೂಡಿತ್ತು. ಬರೀ ಸ್ನಾಯು ಹಿಡಿದುಕೊಂಡಿದೆ, ವಾರದಲ್ಲಿ ಹೋಗುತ್ತದೆ ಎಂದರು ಡಾಕ್ಟರು. ವಾರವೂ ಬೇಕಾಗಲಿಲ್ಲ, ಐದು ದಿನಕ್ಕೆ ಹೋಯಿತು. ಆಯ್ಕೆಯಲ್ಲಿ ಎರಡನೆಯವಳಾಗಿ ಬಂದು ತಂಡ ಸೇರಿದ್ದು ಮಂಡಿಯ ಆಪರೇಷನ್ ಮುಗಿಸಿ ವಾಪಸ್ಸು ಬಂದ ಉದ್ದಜಡೆ. ಅವಳ ತಾಯಿ ಬೆಂಚಿನ ಮೇಲೆ ಸಿಹಿ ಹಂಚಿದಾಗ ಹಗುರಗೈಯೂ ಒಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ.

"ಸುಮ್ನೆ ತಪ್ಪಿಸಿಬಿಟ್ವೇನೋ," ಎಂದ ಹೆಂಡತಿಗೆ.

ಅವಳು ನೆಲದ ಮೇಲೆ ಮಲಗಿದ್ದಳು. "ಇರ್ಬಹುದು," ಎಂದಳು. ಸಮಾಧಾನ ಹೇಳುವ ಶಕ್ತಿ ಅವಳಲ್ಲಿರಲಿಲ್ಲ. ಸುಳ್ಳು ಸಮಾಧಾನ ಅವನಿಗೂ ಬೇಕಿರಲಿಲ್ಲ. "ನಾನು ಎದೆ ಮುಟ್ಕೊಂಡು ಹೇಳ್ತೀನಿ, ಅವಳು ಐದು ಅಂದಾಗ ನಾನಿದ್ದಿದ್ರೆ ನಾನೂ ಕೇಳ್ತಿದ್ದೆ, ಮೂರಾ ಅಂತ."

ಮಿಡತೆ ಆ ತಂಡಕ್ಕೆ ಯಾವತ್ತೂ ಹೋಗಲಿಲ್ಲ. ಅವಳ ವಯಸ್ಸಿನವರು ಮುಂದೆ ಹೋದರು, ಚಿಕ್ಕವರು ಹಿಂದಿನಿಂದ ಬಂದರು. ಮೂರು ದಿನದ ಅಭ್ಯಾಸದಲ್ಲೇ ಎರಡು ವರ್ಷ ಆಡಿದಳು. ಒಂದು ಸಣ್ಣ ಸ್ಪರ್ಧೆಯಲ್ಲಿ ಬೀಮಿನ ಮೇಲೆ ಮೂರನೆಯವಳಾಗಿ ಬಂದಳು. ಪದಕವನ್ನು ಅಮ್ಮ ಬೀರುವಿನ ಹಿಡಿಗೆ ನೇತುಹಾಕಿದಳು, ಬಾಗಿಲು ತೆಗೆದಾಗಲೆಲ್ಲ ಅದು ಟಣ್ ಎನ್ನುತ್ತಿತ್ತು. ಹದಿನಾಲ್ಕು ತುಂಬಿದ ಮೇಲೆ ಒಂದು ಗುರುವಾರ ಚೀಲವಿಲ್ಲದೆ ಅಂಗಡಿಗೆ ಬಂದು, "ಅಪ್ಪಾ, ಇವತ್ತು ಹೋಗಲ್ಲ," ಎಂದಳು.

"ನೋವಾ?"

"ಇಲ್ಲ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲಪ್ಪಾ. ಸಾಕು ಅನ್ನಿಸ್ತು. ಕೋಚಮ್ಮಂಗೆ ನಾನೇ ಹೇಳಿ ಬಂದೆ. ಅವರು ತಬ್ಕೊಂಡ್ರು."

ಅಷ್ಟೇ ಆದದ್ದು. ಒಂಬತ್ತು ವರ್ಷ ಯಾವ ಮಾತನ್ನು ಹೇಳುವುದೋ ಬಿಡುವುದೋ ಎಂದು ಗಂಡ ಹೆಂಡತಿ ಒದ್ದಾಡಿದ್ದರೋ ಅದನ್ನು ಹುಡುಗಿ ನಿಂತ ನಿಲುವಿನಲ್ಲಿ ಹೇಳಿ, ಗೆಳತಿ ಕಾಯುತ್ತಿದ್ದಾಳೆಂದು ಬೀದಿ ದಾಟಿ ಹೊರಟುಹೋದಳು. ಬೀಗ ರಿಪೇರಿಯವನ ಗೂಡಿನ ಮುಂದೆ ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದದ್ದು ಬಾಗಿಲಿಂದ ಕಾಣುತ್ತಿತ್ತು.

ಹಗುರಗೈಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ದುಃಖವೂ ಆಗಲಿಲ್ಲ. ಮಧ್ಯಾಹ್ನ ಕಳೆದು ಸಂಜೆಯ ಬೆಳಕು ಅಂಗಡಿಯೊಳಕ್ಕೆ ಓರೆಯಾಗಿ ಬಂದಿತ್ತು. ಸ್ವಲ್ಪ ಹೊತ್ತು ಕಾಲು ಚಾಚೋಣ ಎಂದು ಬೆಂಚಿನ ಮೇಲೆ ಒರಗಿದ. ಹಾಗೇ ಕಣ್ಣು ಹತ್ತಿತು, ಒಂಬತ್ತು ವರ್ಷದಲ್ಲಿ ಹತ್ತದ ಹಾಗೆ. ಡ್ರೈವರ್ ತಾತ ಗಡ್ಡಕ್ಕೆಂದು ಬಂದವನು ಅವನನ್ನು ಎಬ್ಬಿಸಲಿಲ್ಲ. ಒಂದಷ್ಟು ಹೊತ್ತು ಕೂತು ಪೇಪರ್ ಓದಿದ. ಆಮೇಲೆ ಎದ್ದು, ಬಿಸಿಲು ಮುಖಕ್ಕೆ ಬೀಳದಿರಲಿ ಎಂದು ಬಾಗಿಲನ್ನು ಅರ್ಧ ಎಳೆದು, ಗಡ್ಡ ಹಾಗೇ ಇಟ್ಟುಕೊಂಡು ಮನೆಗೆ ಹೋದ.